ಜಿಗಣೆಯ ಸಾಕ್ಷಿ

1930ರ ದಶಕದ ಹೊತ್ತಿಗೆ ನರದಲ್ಲಿ ಹರಿಯುವುದು ಒಂದು ಬಗೆಯ ವಿದ್ಯುತ್ತು ಎಂಬುದರಲ್ಲಿ ಶರೀರಶಾಸ್ತ್ರಜ್ಞರಿಗೆ ಅನುಮಾನ ಉಳಿದಿರಲಿಲ್ಲ. ಜಗಳವೆಲ್ಲ ಕೊನೆಯ ಒಂದು ಹೆಜ್ಜೆಯ ಬಗ್ಗೆ. ನರ ಸ್ನಾಯುವಿನ ಬುಡದವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದಾಚೆಗೆ ಸುದ್ದಿ ದಾಟುವುದು ಹೇಗೆ? ನರದ ಕಿಡಿಯೇ ಹಾರಿ ಸ್ನಾಯುವಿಗೆ ತಗುಲುತ್ತದೆ ಎಂದಿತು ಒಂದು ಪಂಗಡ. ನರದ ತುದಿಯಿಂದ ಒಂದು ರಸ ಒಸರುತ್ತದೆ, ಸ್ನಾಯುವನ್ನು ಎಬ್ಬಿಸುವುದು ಅದೇ ಎಂದಿತು ಇನ್ನೊಂದು. ಕಿಡಿಯವರು, ಸಾರಿನವರು ಎಂದೇ ಈ ಎರಡು ಪಂಗಡಗಳಿಗೆ ಅಡ್ಡಹೆಸರು ಬಿತ್ತು. ಬೆರಳು ಮಡಚುವಂಥ ಸಲೀಸು ಕೆಲಸದ ಹಿಂದಿದ್ದ ಈ ತಕರಾರನ್ನು ಬಗೆಹರಿಸಲು ಬಾಣಕ್ಕೆ ಸವರುವ ವಿಷ ಬೇಕಾಯಿತು, ಆಫ್ರಿಕಾದ ಒಂದು ವಿಷದ ಬೀಜ ಬೇಕಾಯಿತು, ಜಿಗಣೆ ಬೇಕಾಯಿತು. ಜೊತೆಗೆ ಹಿಟ್ಲರನ ಜರ್ಮನಿಯಲ್ಲಿ ಬಾಳಲಾಗದೆ ಹೊರಬಿದ್ದ ಕೆಲವರು ಬೇಕಾದರು.

ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು ಬೊಲೋನ್ಯದ ಲುಯಿಜಿ ಗಾಲ್ವಾನಿ 1791ರಲ್ಲಿ ಪ್ರಕಟಿಸಿದ್ದು ಎಲ್ಲರೂ ಕೇಳಿದ ಕಥೆ. ಅವರಿಗೂ ಪಾವಿಯಾದ ವೋಲ್ಟಾ ಅವರಿಗೂ ನಡೆದ ವಾಗ್ವಾದದಿಂದ 1800ರಲ್ಲಿ ಬ್ಯಾಟರಿ ಹುಟ್ಟಿತು, ಲೋಕದ ಕಣ್ಣೆಲ್ಲ ಅದರ ಮೇಲೆ ಬಿತ್ತು, ಕಪ್ಪೆ ಹಿಂದೆ ಉಳಿಯಿತು. ಅರ್ಧ ಶತಮಾನದ ಮೇಲೆ, 1850ರಲ್ಲಿ, ಹೆರ್ಮನ್ ಹೆಲ್ಮ್‌ಹೋಲ್ಟ್ಸ್ ಮತ್ತೆ ಅದೇ ಕಪ್ಪೆಗೆ ಕೈಹಾಕಿದರು. ನರವನ್ನು ಒಮ್ಮೆ ಸ್ನಾಯುವಿನ ಹತ್ತಿರ, ಒಮ್ಮೆ ದೂರದಲ್ಲಿ ಕೆಣಕಿ, ಸ್ನಾಯು ಅದುರಲು ಹಿಡಿದ ಹೊತ್ತಿನ ವ್ಯತ್ಯಾಸವನ್ನು ಅಳೆದರು. ಬಂದ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 27 ಮೀಟರ್. ಈ ವೇಗವನ್ನು ಅಳೆಯುವುದು ಮನುಷ್ಯರಿಂದ ಆಗದ ಮಾತು ಎಂದಿದ್ದವರು ಅವರ ಗುರು ಯೋಹಾನೆಸ್ ಮ್ಯೂಲರ್. ತಂತಿಯಲ್ಲಿ ಓಡುವ ವಿದ್ಯುತ್ತಿಗೆ ಹೋಲಿಸಿದರೆ ಇದು ತೆವಳುವ ವೇಗ, ಹಾಗಾಗಿ ನರವನ್ನು ಬರೀ ತಂತಿ ಎನ್ನುವಂತಿರಲಿಲ್ಲ.

ನಿಜವಾದ ಸುಳಿವು ಸಿಕ್ಕಿದ್ದು ಪ್ಯಾರಿಸ್ಸಿನಲ್ಲಿ, ಕ್ಲೋಡ್ ಬರ್ನಾರ್ ಅವರ ಮೇಜಿನ ಮೇಲೆ. ದಕ್ಷಿಣ ಅಮೆರಿಕದ ಕಾಡಿನ ಬೇಟೆಗಾರರು ಬಾಣದ ಮೊನೆಗೆ ಸವರುತ್ತಿದ್ದ ಕ್ಯುರಾರೆ ಎಂಬ ವಿಷ ಅವರ ಕೈಗೆ ಬಂದಿತ್ತು. ಅದು ತಗುಲಿದ ಪ್ರಾಣಿ ಒದ್ದಾಡುವುದಿಲ್ಲ, ಸುಮ್ಮನೆ ಕುಸಿದು ಉಸಿರು ನಿಲ್ಲಿಸುತ್ತದೆ. ಬರ್ನಾರ್ ಮಾಡಿದ್ದು ಇಷ್ಟು: ಕಪ್ಪೆಯ ಒಂದು ಹಿಂಗಾಲಿನ ಬುಡಕ್ಕೆ ದಾರ ಬಿಗಿದು ರಕ್ತ ಹರಿಯದಂತೆ ಮಾಡಿದರು, ಆದರೆ ನರವನ್ನು ಮಾತ್ರ ದಾರದ ಹೊರಗೆ ಬಿಟ್ಟರು. ಆಮೇಲೆ ಮೈಗೆ ವಿಷ ಕೊಟ್ಟರು. ಕಪ್ಪೆ ಮೆತ್ತಗಾಯಿತು. ವಿಷವೇರಿ ಮಲಗಿದ ಆ ಮೈಯನ್ನು ಎಲ್ಲಿ ಚಿವುಟಿದರೂ ದಾರ ಕಟ್ಟಿದ ಕಾಲೊಂದು ಝಾಡಿಸುತ್ತಿತ್ತು. ಅಂದರೆ ನೋವು ಒಳಗೆ ಮುಟ್ಟುತ್ತಿದೆ, ಬೆನ್ನುಹುರಿ ಕೆಲಸ ಮಾಡುತ್ತಿದೆ, ವಿಷದಲ್ಲಿ ನೆನೆದ ಜಾಗವನ್ನು ಹಾದುಬಂದರೂ ನರದ ಸುದ್ದಿ ಕಾಲಿನ ತನಕ ತಲುಪುತ್ತಿದೆ. ವಿಷವೇರಿದ ಸ್ನಾಯುವಿಗೆ ನೇರವಾಗಿ ವಿದ್ಯುತ್ತು ಮುಟ್ಟಿಸಿದರೆ ಅದೂ ಕುಗ್ಗುತ್ತದೆ. ನರಕ್ಕೆ ಏನೂ ಆಗಿಲ್ಲ, ಸ್ನಾಯುವಿಗೂ ಏನೂ ಆಗಿಲ್ಲ, ಆದರೂ ಪ್ರಾಣಿ ಅಲ್ಲಾಡುತ್ತಿಲ್ಲ. ಬರ್ನಾರ್ ಇದನ್ನು ಚಾಲಕ ನರದ ಸಾವು ಎಂದೇ ಬಗೆದರು. ವಿಷ ಕೂತಿರುವುದು ನರವೂ ಸ್ನಾಯುವೂ ಕೂಡುವ ಜಾಗದಲ್ಲಿ ಎಂದು 1860ರ ದಶಕದಲ್ಲಿ ಬೆರಳಿಟ್ಟು ತೋರಿಸಿದವರು ವುಲ್ಪಿಯಾನ್. ಬರ್ನಾರ್ ಅವರ ತೀರ್ಮಾನಕ್ಕಿಂತ ಅವರ ಪ್ರಯೋಗವೇ ದೊಡ್ಡದು ಎನ್ನಬೇಕು. ಆ ಸಣ್ಣ ಜಾಗಕ್ಕೆ ತನ್ನದೇ ಆದ ಬಾಳು ಇದೆ ಎಂದು ಮೊದಲು ಹೇಳಿದ್ದು ಆ ಕಪ್ಪೆಯೇ.

1877ರಲ್ಲಿ ಬರ್ಲಿನ್ನಿನ ಡು ಬ್ವಾ-ರೇಮೊಂಡ್ ಎರಡೇ ದಾರಿ ಇವೆ ಎಂದು ಬರೆದರು. ಒಂದೋ ವಿದ್ಯುತ್ತು, ಇಲ್ಲವೇ ನರದ ತುದಿಯಲ್ಲಿ ಒಸರುವ ಯಾವುದೋ ರಾಸಾಯನಿಕ. ಅಲ್ಲಿಂದ ಮುಂದೆ ಪ್ರಶ್ನೆ ಬಹುಕಾಲ ಹಾಗೇ ಕೂತಿತು. ಕೇಂಬ್ರಿಜ್‌ನ ಲ್ಯಾಂಗ್ಲಿ 1905ರಲ್ಲಿ ಸ್ನಾಯುವಿನ ಮೇಲ್ಮೈಯಲ್ಲಿ ಗ್ರಾಹಕ ವಸ್ತುವೊಂದು ಇರಬೇಕು, ನಿಕೋಟಿನ್ ಮತ್ತು ಕ್ಯುರಾರೆ ಎರಡೂ ಅದಕ್ಕಾಗಿಯೇ ಪೈಪೋಟಿ ನಡೆಸುತ್ತವೆ ಎಂದು ಊಹಿಸಿದರು. 1914ರಲ್ಲಿ ಲಂಡನ್ನಿನ ಹೆನ್ರಿ ಡೇಲ್, ಎರ್ಗಟ್ ಎಂಬ ಧಾನ್ಯದ ಬೂಷ್ಟಿನಲ್ಲಿ ಸಿಕ್ಕಿದ ಅಸಿಟೈಲ್‌ಕೋಲಿನ್ ಎಂಬ ವಸ್ತುವಿನ ಗುಣಗಳನ್ನು ವಿವರವಾಗಿ ಬರೆದರು. ಅದು ರಕ್ತಕ್ಕೆ ಬಿದ್ದ ಕ್ಷಣದಲ್ಲೇ ಕೆಲಸ ಮಾಡಿ ಕ್ಷಣದಲ್ಲೇ ಮಾಯವಾಗುತ್ತಿತ್ತು. ಯಾವುದೋ ಕಿಣ್ವ ಅದನ್ನು ಒಡೆಯುತ್ತಿರಬೇಕು ಎಂದು ಡೇಲ್ ಆಗಲೇ ಅಂದುಕೊಂಡಿದ್ದರು. ಆದರೆ ಪ್ರಾಣಿಗಳ ಮೈಯಲ್ಲಿ ಅದು ತಾನಾಗಿ ಇದೆ ಎಂಬುದಕ್ಕೆ ಆಗಿನ್ನೂ ಪುರಾವೆ ಇರಲಿಲ್ಲ.

ಆಮೇಲೆ ಬರುವುದು ಗ್ರಾಟ್ಸ್ ಊರಿನ ಓಟೋ ಲೋವಿ ಅವರ ಕನಸು. ನಡುರಾತ್ರಿ ಎದ್ದು ಪ್ರಯೋಗದ ಉಪಾಯವನ್ನು ಚೀಟಿಯಲ್ಲಿ ಗೀಚಿ ಮಲಗಿದ್ದು, ಬೆಳಗ್ಗೆ ತನ್ನ ಅಕ್ಷರ ತನಗೇ ಓದಲಾಗದ್ದು, ಮರುರಾತ್ರಿ ಅದೇ ಕನಸು ಬಿದ್ದಾಗ ಮಲಗದೆ ನೇರ ಪ್ರಯೋಗಾಲಯಕ್ಕೆ ಓಡಿದ್ದು, ಇದನ್ನೆಲ್ಲ ಲೋವಿಯವರೇ ಮುಂದೆ ಹೇಳಿ ಹೇಳಿ ಕಥೆಗೆ ಒಂದಿಷ್ಟು ಮೆರುಗು ಬಂದಿದ್ದರೆ ಆಶ್ಚರ್ಯವಿಲ್ಲ. ಪ್ರಯೋಗ ಮಾತ್ರ ಗಟ್ಟಿ. ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆಣಕಿ ಬಡಿತ ನಿಧಾನ ಮಾಡಿದರು. ಆ ಹೃದಯ ತೊಯ್ದಿದ್ದ ಉಪ್ಪುನೀರನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ, ಯಾವ ನರದ ಹಂಗೂ ಇಲ್ಲದೆ ಅದರ ಬಡಿತವೂ ನಿಧಾನವಾಯಿತು. ಇದು ಅಚ್ಚಾದದ್ದು 1921ರಲ್ಲಿ. ಸರಿ, ಹೃದಯದ ಮಾತು ಬೇರೆ, ಅದು ನಿಧಾನದ ಅಂಗ ಎಂದರು ಕಿಡಿಯವರು. ಕೈಕಾಲಿನ ಸ್ನಾಯುವಿನಲ್ಲಿ ನರದಿಂದ ಸುದ್ದಿ ದಾಟಲು ಸೆಕೆಂಡಿನ ಸಾವಿರದ ಒಂದು ಭಾಗ ಸಾಕು. ಅಷ್ಟು ಹೊತ್ತಿನಲ್ಲಿ ರಸ ಒಸರಿ, ಹರಡಿ, ಕೆಲಸ ಮುಗಿಸಿ, ಮತ್ತೆ ಅಳಿಯುವುದು ಸಾಧ್ಯವೇ? ಲೋವಿಯವರಿಗೂ ಈ ಬಗ್ಗೆ ಅನುಮಾನವಿತ್ತು.

ಕೈಕಾಲಿನ ಸ್ನಾಯುವಿನ ಪುರಾವೆ ಹೊರಟಿದ್ದು ಬರ್ಲಿನ್ನಿನಿಂದ. ವಿಲ್ಹೆಲ್ಮ್ ಫೆಲ್ಡ್‌ಬರ್ಗ್ ಅಲ್ಲಿನ ಶರೀರಶಾಸ್ತ್ರ ಸಂಸ್ಥೆಯಲ್ಲಿದ್ದ ಯಹೂದಿ ತರುಣ. 1933ರ ಏಪ್ರಿಲ್‌ನಲ್ಲಿ, ನಾತ್ಸಿಗಳು ಅಧಿಕಾರಕ್ಕೆ ಬಂದು ಕೆಲವೇ ವಾರಗಳಾಗಿದ್ದಾಗ, ಅವರ ಕೆಲಸ ಹೋಯಿತು. ನೆರವು ಕೇಳಿಕೊಂಡು ರಾಕ್‌ಫೆಲರ್ ಪ್ರತಿಷ್ಠಾನದ ಪ್ರತಿನಿಧಿಯ ಬಳಿ ಹೋದರೆ, ಮೊದಲು ಆಗುವುದಿಲ್ಲ ಎಂಬ ಉತ್ತರ. ಮಾತು ಮುಗಿಯುವ ಹೊತ್ತಿಗೆ ಆತನಿಗೆ ನೆನಪಾಯಿತು: ಫೆಲ್ಡ್‌ಬರ್ಗ್ ಎಂಬವರು ಕಣ್ಣಿಗೆ ಬಿದ್ದರೆ, ಅವರನ್ನು ಕೆಲಸದಿಂದ ತೆಗೆದಿದ್ದರೆ, ನನ್ನಲ್ಲಿಗೆ ಬರಹೇಳಿ ಎಂದು ಹೆನ್ರಿ ಡೇಲ್ ಲಂಡನ್ನಿನಿಂದ ಹೇಳಿ ಕಳಿಸಿದ್ದರು. ಆ ಬೇಸಿಗೆಯಲ್ಲೇ ಫೆಲ್ಡ್‌ಬರ್ಗ್ ಲಂಡನ್ ಸೇರಿದರು. ಹ್ಯಾಂಪ್‌ಸ್ಟೆಡ್‌ನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಗೆ ಅವರು ತಂದ ಆಸ್ತಿಯೆಂದರೆ ಒಂದು ಕೈಕಸುಬು: ಜಿಗಣೆಯ ಬೆನ್ನಿನ ಸ್ನಾಯುವಿನಿಂದ ಅಸಿಟೈಲ್‌ಕೋಲಿನ್ ಪತ್ತೆಹಚ್ಚುವುದು. ಬರ್ಲಿನ್ನಿನಲ್ಲಿ ಬ್ರೂನೋ ಮಿಂಟ್ಸ್ ಅದನ್ನು ಹದಗೊಳಿಸಿದ್ದರು.

ಮಲೆನಾಡಿನ ಮಳೆಗಾಲದಲ್ಲಿ ಕಾಲಿಗೆ ಅಂಟುವ ಇಂಬಳದ ನೀರಿನ ದಾಯಾದಿಯೇ ಈ ಜಿಗಣೆ, ಹಿಂದೆ ವೈದ್ಯರು ಕೆಟ್ಟ ರಕ್ತ ತೆಗೆಯಲು ಬಳಸುತ್ತಿದ್ದದ್ದು. ಅದರ ಬೆನ್ನಿನ ಸ್ನಾಯುವಿನ ಒಂದು ಪಟ್ಟಿಯನ್ನು ಕತ್ತರಿಸಿ ಸಣ್ಣ ಗಾಜಿನ ಪಾತ್ರೆಯ ಉಪ್ಪುನೀರಿನಲ್ಲಿ ತೂಗುಹಾಕುತ್ತಿದ್ದರು. ಮೇಲಿನ ತುದಿ ಹಗುರವಾದ ಒಂದು ಸನ್ನೆಗೆ ಕಟ್ಟಿರುತ್ತದೆ, ಸನ್ನೆಯ ಮೊನೆ ಹೊಗೆ ಹಿಡಿಸಿದ ಕಾಗದ ಸುತ್ತಿದ ಉರುಳೆಯ ಮೇಲೆ ಗೆರೆ ಎಳೆಯುತ್ತದೆ. ನೀರಿಗೆ ಎಸೆರಿನ್ ಬೆರೆಸಬೇಕು. ಇದು ಪಶ್ಚಿಮ ಆಫ್ರಿಕಾದ ಕಾಲಾಬಾರ್ ಬೀಜದ ಸಾರ. ಆ ಸೀಮೆಯಲ್ಲಿ ಆರೋಪಿಗೆ ಈ ಬೀಜ ತಿನ್ನಿಸಿ, ಬದುಕಿದರೆ ನಿರಪರಾಧಿ ಎಂದು ತೀರ್ಪು ಕೊಡುವ ಪದ್ಧತಿ ಇತ್ತು. ಎಸೆರಿನ್ ಮಾಡುವುದು ಒಂದೇ ಕೆಲಸ, ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವದ ಕೈ ಕಟ್ಟಿಹಾಕುವುದು. ಕಿಣ್ವ ಸುಮ್ಮನಾದ ಮೇಲೆ ಜಿಗಣೆಯ ಪಟ್ಟಿ ಎಷ್ಟು ಸೂಕ್ಷ್ಮವಾಗುತ್ತದೆಂದರೆ, ಆಗಿನ ಯಾವ ರಾಸಾಯನಿಕ ಪರೀಕ್ಷೆಗೂ ನಿಲುಕದಷ್ಟು ತೆಳುವಾದ ಅಸಿಟೈಲ್‌ಕೋಲಿನ್‌ಗೂ ಅದು ನಿಧಾನವಾಗಿ ಮುದುಡಿ ಗೆರೆಯನ್ನು ಮೇಲಕ್ಕೆ ಎಳೆಯುತ್ತದೆ.

ಡೇಲ್, ಫೆಲ್ಡ್‌ಬರ್ಗ್ ಮತ್ತು 1935ರಲ್ಲಿ ಬರ್ಲಿನ್ ಬಿಟ್ಟು ಬಂದ ಮಾರ್ಥೆ ಫೋಕ್ಟ್ ಮೂವರೂ ಸೇರಿ ಮಾಡಿದ ಪ್ರಯೋಗ ಓದಲು ಹಿತವಾದದ್ದಲ್ಲ, ಆದರೆ ಅದರ ತರ್ಕ ಬಲು ಚೊಕ್ಕ. (ಫೋಕ್ಟ್ ಯಹೂದಿಯಲ್ಲ. ನಾತ್ಸಿಗಳ ನೆರಳಿನಲ್ಲಿ ಇರಲು ಮನಸ್ಸಿಲ್ಲದೆ ತಾವಾಗಿ ಹೊರಟವರು.) ಬೆಕ್ಕಿನ ನಾಲಿಗೆಯ ರಕ್ತನಾಳಗಳಲ್ಲಿ ರಕ್ತದ ಬದಲು ಎಸೆರಿನ್ ಬೆರೆಸಿದ ಉಪ್ಪುನೀರನ್ನು ಹಾಯಿಸಿದರು. ನಾಲಿಗೆಗೆ ಹೋಗುವ ನರವನ್ನು ಕೆಣಕಿದರು, ಅಭಿಧಮನಿಯಿಂದ ಹೊರಬಂದ ನೀರನ್ನು ಹಿಡಿದು ಜಿಗಣೆಯ ಪಾತ್ರೆಗೆ ಸುರಿದರು. ಪಟ್ಟಿ ಮುದುಡಿತು. ನರವನ್ನು ಕೆಣಕದೆ ಹಿಡಿದ ನೀರಿಗೆ ಮುದುಡಲಿಲ್ಲ. ಬೆಕ್ಕು, ನಾಯಿಗಳ ಕಾಲಿನ ಸ್ನಾಯುಗಳಲ್ಲೂ ಕಪ್ಪೆಯಲ್ಲೂ ಇದೇ ಆಯಿತು.

ಆಕ್ಷೇಪ ಎತ್ತುವವರು ಕೇಳಬಹುದಾದ್ದನ್ನೆಲ್ಲ ಅವರು ತಾವೇ ಮೊದಲು ಕೇಳಿಕೊಂಡಿದ್ದರು. ಸ್ನಾಯು ಕುಗ್ಗಿದ್ದಕ್ಕೇ ಈ ರಸ ಹಿಂಡಿ ಬಂದಿದ್ದರೆ? ಹಾಗಾಗಿ ಮೊದಲೇ ನರ ಕತ್ತರಿಸಿ ಅದರ ತುದಿಗಳು ಸಾಯಲು ಬಿಟ್ಟ ಸ್ನಾಯುವಿಗೆ ನೇರವಾಗಿ ವಿದ್ಯುತ್ತು ಕೊಟ್ಟರು. ಸ್ನಾಯು ಚೆನ್ನಾಗಿಯೇ ಕುಗ್ಗಿತು, ಜಿಗಣೆ ಅಲ್ಲಾಡಲಿಲ್ಲ. ಇನ್ನು ಕ್ಯುರಾರೆ ಕೊಟ್ಟು ನರವನ್ನು ಕೆಣಕಿದರು. ಈ ಸಲ ಸ್ನಾಯು ಅಲ್ಲಾಡಲಿಲ್ಲ, ಜಿಗಣೆ ಮುದುಡಿತು. ರಸ ಬರುವುದು ನರದ ತುದಿಯಿಂದ, ಕ್ಯುರಾರೆ ತಡೆಯುವುದು ರಸ ಬಿಡುವುದನ್ನಲ್ಲ, ಅದು ಸ್ನಾಯುವಿಗೆ ತಾಗುವುದನ್ನು. ಬರ್ನಾರ್ ಅವರ ಕಪ್ಪೆ ಎಂಟು ದಶಕಗಳ ಹಿಂದೆ ಹಾಕಿದ್ದ ಒಗಟು ಹೀಗೆ ಬಿಡಿಸಿತು. 1936ರಲ್ಲೇ ಸಹೋದ್ಯೋಗಿ ಬ್ರೌನ್ ಜೊತೆ ಡೇಲ್, ಫೆಲ್ಡ್‌ಬರ್ಗ್ ಇನ್ನೊಂದು ಬದಿಯನ್ನೂ ತೋರಿಸಿದರು: ಸ್ನಾಯುವಿನ ಧಮನಿಯೊಳಕ್ಕೇ ಅಸಿಟೈಲ್‌ಕೋಲಿನ್ ಚಿಮ್ಮಿಸಿದರೆ, ನರ ಕೆಣಕಿದಂತೆಯೇ ಸ್ನಾಯು ಥಟ್ಟನೆ ಸೆಟೆಯುತ್ತದೆ. ಆ ವರ್ಷದ ನೊಬೆಲ್ ಡೇಲ್ ಮತ್ತು ಲೋವಿ ಇಬ್ಬರಿಗೂ ಬಂತು. ಎರಡು ವರ್ಷಕ್ಕೆ ನಾತ್ಸಿಗಳು ಆಸ್ಟ್ರಿಯಾಕ್ಕೆ ಕಾಲಿಟ್ಟಾಗ ಲೋವಿಯವರನ್ನು ಬಂಧಿಸಿ, ಸ್ಟಾಕ್‌ಹೋಮಿನ ಬ್ಯಾಂಕಿನಲ್ಲಿದ್ದ ಬಹುಮಾನದ ಹಣವನ್ನು ತಮ್ಮ ಬ್ಯಾಂಕಿಗೆ ಬರೆಸಿಕೊಂಡ ಮೇಲಷ್ಟೇ ದೇಶ ಬಿಡಲು ಬಿಟ್ಟರು.

ಪ್ರಯೋಗಾಲಯದಲ್ಲಿ ಇಷ್ಟು ನಡೆಯುತ್ತಿದ್ದಾಗಲೇ, ಅದೇ ಲಂಡನ್ನಿನ ಗ್ರೀನಿಚ್‌ನ ಸೇಂಟ್ ಆಲ್ಫೀಜ್ ಆಸ್ಪತ್ರೆಯಲ್ಲಿ ಮೇರಿ ವಾಕರ್ ಎಂಬ ವೈದ್ಯೆ ತಮ್ಮದೇ ದಾರಿ ಹಿಡಿದಿದ್ದರು. ಅವರ ವಾರ್ಡಿನಲ್ಲಿ ಮಯಸ್ತೀನಿಯಾ ಗ್ರೇವಿಸ್ ರೋಗಿ ಇದ್ದರು. ರೆಪ್ಪೆ ಜೋತು, ದವಡೆ ಸೋತು, ಹೊತ್ತೇರಿದಂತೆ ಮೈಯೆಲ್ಲ ಬಳಲುವ ರೋಗ ಅದು. ಇದು ಕ್ಯುರಾರೆ ಹೊಕ್ಕಂತೆ ಕಾಣುತ್ತದಲ್ಲ ಎನಿಸಿ, ಕ್ಯುರಾರೆಗೆ ಪ್ರತಿವಿಷವೆಂದು ಗೊತ್ತಿದ್ದ ಎಸೆರಿನ್ ಚುಚ್ಚುಮದ್ದು ಕೊಟ್ಟರು. ಜೋತ ರೆಪ್ಪೆ ಮೇಲೆದ್ದಿತು. ಔಷಧಿಯ ಗುಣ ಇಳಿದಂತೆ ಮತ್ತೆ ಜೋತಿತು. 1934ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರು ಇದನ್ನು ಚುಟುಕಾಗಿ ಬರೆದರು. ಬಡವರ ಆಸ್ಪತ್ರೆಯ ಸಹಾಯಕ ವೈದ್ಯೆಯ ಮಾತಿಗೆ ದೊಡ್ಡ ಆಸ್ಪತ್ರೆಗಳ ತಜ್ಞರು ಕೂಡಲೇ ತಲೆದೂಗಲಿಲ್ಲ. ಈ ಇಡೀ ಚರಿತ್ರೆಯಲ್ಲಿ ಸಲ್ಲಬೇಕಾದ ಮನ್ನಣೆಗಿಂತ ಕಡಿಮೆ ಸಿಕ್ಕಿದ್ದು ಯಾರಿಗೆ ಎಂದರೆ ನಾನು ಇವರ ಹೆಸರು ಹೇಳುತ್ತೇನೆ.

ಕಿಡಿಯವರ ಮುಂದಾಳು ಆಸ್ಟ್ರೇಲಿಯಾದ ಜಾನ್ ಎಕ್ಲಿಸ್. ಡೇಲ್ ಮತ್ತು ಎಕ್ಲಿಸ್ ಸಭೆಗಳಲ್ಲಿ ಎದುರುಬದುರಾಗಿ ಜಗಳಕ್ಕೆ ನಿಂತರೆ, ಹೊಸಬರಿಗೆ ಇವರಿಬ್ಬರೂ ಹೊಡೆದಾಡಿಕೊಳ್ಳುತ್ತಾರೇನೋ ಎನಿಸುತ್ತಿತ್ತು. ಹೊರಗೆ ಬಂದರೆ ಇಬ್ಬರಿಗೂ ಒಳ್ಳೆಯ ಸ್ನೇಹ. ಹಾಗೆ ಬೆರಗಾಗಿ ನೋಡಿದ ಹೊಸಬರಲ್ಲಿ ಒಬ್ಬರು ಬರ್ನಾರ್ಡ್ ಕಾಟ್ಸ್. ಲೈಪ್‌ಸಿಗ್‌ನಲ್ಲಿ ಹುಟ್ಟಿದ ಯಹೂದಿ, 1935ರಲ್ಲಿ ಲಂಡನ್ನಿಗೆ ಶರೀರಶಾಸ್ತ್ರಜ್ಞ ಎ.ವಿ. ಹಿಲ್ ಅವರ ಬಳಿ ಬಂದವರು. 1939ರಲ್ಲಿ ಅವರು ಎಕ್ಲಿಸ್ ಕರೆದರೆಂದು ಸಿಡ್ನಿಗೆ ಹೋದರು. ವಿಯೆನ್ನಾದಿಂದ ತಪ್ಪಿಸಿಕೊಂಡು ಬಂದ ಸ್ಟೀಫನ್ ಕಫ್ಲರ್ ಆಗಲೇ ಅಲ್ಲಿದ್ದರು. ಕಿಡಿಯ ಪಾಳೆಯದಲ್ಲೇ ಕೂತು ಮೂವರೂ ಮಾಡಿದ ಕೆಲಸ ಸಾರಿನ ಕಡೆಗೇ ವಾಲಿತು. ನರಸ್ನಾಯು ಸಂಧಿಯಲ್ಲಿ ಏಳುವ ವಿದ್ಯುತ್ತಿನ ಅಲೆಯನ್ನು ಎಸೆರಿನ್ ಉದ್ದ ಮಾಡಿತು, ಕ್ಯುರಾರೆ ಕುಗ್ಗಿಸಿತು. ಎಕ್ಲಿಸ್ ಸ್ನಾಯುವಿನ ಮಟ್ಟಿಗೆ ಹೆಚ್ಚುಕಡಿಮೆ ಒಪ್ಪಿದರು, ಮಿದುಳು ಮತ್ತು ಬೆನ್ನುಹುರಿಯ ಮಟ್ಟಿಗೆ ಹಟ ಬಿಡಲಿಲ್ಲ. ಅದನ್ನೂ 1951ರಲ್ಲಿ, ನ್ಯೂಜಿಲೆಂಡಿನ ಡನೀಡನ್‌ನಲ್ಲಿ, ತಾವೇ ಬೆಕ್ಕಿನ ಬೆನ್ನುಹುರಿಯ ನರಕೋಶದೊಳಕ್ಕೆ ಸೂಜಿ ಇಳಿಸಿ ನೋಡಿ ಬಿಟ್ಟುಕೊಟ್ಟರು. ತನ್ನ ವಾದವನ್ನು ತಾನೇ ಕೆಡವಿದವರು ವಿಜ್ಞಾನದಲ್ಲೂ ಕಡಿಮೆ.

ಯುದ್ಧ ಮುಗಿದ ಮೇಲೆ ಕಾಟ್ಸ್ ಲಂಡನ್ನಿಗೆ ಮರಳಿ, ಪಾಲ್ ಫ್ಯಾಟ್ ಜೊತೆ ಕಪ್ಪೆಯ ಒಂಟಿ ಸ್ನಾಯುತಂತುವಿನೊಳಗೆ ಕೂದಲಿಗಿಂತ ಎಷ್ಟೋ ಸಪೂರದ ಗಾಜಿನ ಕೊಳವೆ ಚುಚ್ಚಿ ಕೂತರು. ನರವನ್ನು ಯಾರೂ ಮುಟ್ಟಿರಲಿಲ್ಲ. ಆದರೂ ತೆರೆಯ ಮೇಲಿನ ಗೆರೆ ಆಗಾಗ, ಹೊತ್ತುಗೊತ್ತಿಲ್ಲದೆ, ಅರ್ಧ ಮಿಲಿವೋಲ್ಟಿನಷ್ಟು ಕುಪ್ಪಳಿಸುತ್ತಿತ್ತು. ಕೊಳವೆ ಸಂಧಿಯಿಂದ ದೂರ ಸರಿದರೆ ಕುಪ್ಪಳಿಕೆ ಇಲ್ಲ. ಕ್ಯುರಾರೆ ಹಾಕಿದರೆ ಕುಗ್ಗುತ್ತದೆ, ಕಿಣ್ವ ತಡೆದರೆ ಹಿಗ್ಗುತ್ತದೆ. ಉಪಕರಣದ ಗದ್ದಲವೆಂದು ತಳ್ಳಿಹಾಕಬಹುದಾಗಿದ್ದ ಈ ಅದುರನ್ನು ಅವರು 1952ರಲ್ಲಿ ಪ್ರಕಟಿಸಿದರು. ಎರಡು ವರ್ಷದ ಮೇಲೆ ಹೊಸೆ ಡೆಲ್ ಕಾಸ್ಟಿಯೊ ಜೊತೆ ಕಾಟ್ಸ್ ಅದರ ಅರ್ಥ ಬಿಡಿಸಿದರು. ನರದ ತುದಿ ರಸವನ್ನು ಹನಿಹನಿಯಾಗಿ ಒಸರುವುದಿಲ್ಲ, ಸಾವಿರಾರು ಅಣುಗಳ ಪೊಟ್ಟಣ ಕಟ್ಟಿ ಬಿಡುತ್ತದೆ. ಒಂದು ಪೊಟ್ಟಣ ತಾನಾಗಿ ಒಡೆದರೆ ಆ ಅರ್ಧ ಮಿಲಿವೋಲ್ಟು. ನರದ ಸಂಕೇತ ಬಂದಾಗ ಕಪ್ಪೆಯಲ್ಲಿ ನೂರಕ್ಕೂ ಹೆಚ್ಚು ಪೊಟ್ಟಣಗಳು ಒಮ್ಮೆಲೇ ಒಡೆದು ಸ್ನಾಯುವಿನಲ್ಲಿ ಹೊಸ ವಿದ್ಯುತ್ ಅಲೆಯನ್ನೇ ಎಬ್ಬಿಸುತ್ತವೆ. ಅದೇ ಹೊತ್ತಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನರದ ತುದಿಗಳಲ್ಲಿ ಒತ್ತಾಗಿ ತುಂಬಿದ ಪುಟ್ಟ ಗುಳ್ಳೆಗಳು ಕಂಡವು. ಕಾಟ್ಸ್ ಅವರಿಗೆ 1970ರ ನೊಬೆಲ್‌ನಲ್ಲಿ ಪಾಲು ಬಂತು.

ಇಷ್ಟಾದರೂ ಸ್ನಾಯು ಕುಗ್ಗಿದ ಹಾಗಾಗಲಿಲ್ಲ, ಅದರ ಹೊರಪೊರೆಗೆ ಸುದ್ದಿ ಮುಟ್ಟಿತು ಅಷ್ಟೆ. ಒಳಗಿನ ಯಂತ್ರದ ಚಿತ್ರ 1954ರ ಮೇ ತಿಂಗಳ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅಕ್ಕಪಕ್ಕ ಬಂದ ಎರಡು ಲೇಖನಗಳಲ್ಲಿ ಸಿಕ್ಕಿತು. ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗೆರ್ಕೆ ಬರೆದದ್ದು ಒಂದು, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಬರೆದದ್ದು ಇನ್ನೊಂದು. ಹಕ್ಸ್‌ಲಿಗಳಿಬ್ಬರೂ ನೆಂಟರೇನಲ್ಲ. ಸ್ನಾಯುವಿನ ಎಳೆಗಳು ತಾವಾಗಿ ಗಿಡ್ಡವಾಗುವುದಿಲ್ಲ, ಹೆಣೆದ ಎರಡು ಕೈಗಳ ಬೆರಳುಗಳು ಒಂದರ ಸಂದಿಗೆ ಒಂದು ಇನ್ನಷ್ಟು ಒಳಸರಿದಂತೆ ಮಯೋಸಿನ್ ಎಳೆಗಳ ನಡುವೆ ಆಕ್ಟಿನ್ ಎಳೆಗಳು ಜಾರುತ್ತವೆ ಎಂದವು ಎರಡೂ ಲೇಖನಗಳು.

ಉಳಿದದ್ದು ಹೊರಪೊರೆಗೂ ಈ ಎಳೆಗಳಿಗೂ ನಡುವಿನ ಹಾದಿ. ಪೊರೆಯಿಂದ ಯಾವುದೋ ವಸ್ತು ಒಳಗೆ ಹರಡಿ ಎಳೆಗಳನ್ನು ಎಬ್ಬಿಸುವುದಾದರೆ ಅದಕ್ಕೆ ಹೊತ್ತು ಸಾಲದು ಎಂದು ಎ.ವಿ. ಹಿಲ್ 1948ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಆಂಡ್ರ್ಯೂ ಹಕ್ಸ್‌ಲಿ ಮತ್ತು ಟೇಲರ್ ಕಪ್ಪೆಯ ಸ್ನಾಯುತಂತುವಿನ ಮೇಲೆ ಸೂಜಿಯಂಥ ಕೊಳವೆಯನ್ನು ಅಂಗುಲ ಅಂಗುಲವಾಗಿ ಅಲ್ಲ, ಮೈಕ್ರಾನ್ ಮೈಕ್ರಾನಾಗಿ ಸರಿಸುತ್ತ ವಿದ್ಯುತ್ತು ಮುಟ್ಟಿಸಿದಾಗ, ಕೆಲವೇ ಬಿಂದುಗಳಲ್ಲಿ ಮಾತ್ರ ಒಳಗಿನ ಪಟ್ಟಿ ಕುಗ್ಗಿತು. ಆ ಬಿಂದುಗಳು ಪೊರೆಯೇ ಒಳಕ್ಕೆ ಇಳಿದು ಸುರಂಗವಾಗುವ ಬಾಯಿಗಳು. ಈ ಜಾಲವನ್ನು ಪಾವಿಯಾದ ಎಮಿಲಿಯೋ ವೆರಾಟ್ಟಿ 1902ರಲ್ಲೇ ಅಂದವಾಗಿ ಬಿಡಿಸಿಟ್ಟಿದ್ದರು. ಐವತ್ತು ವರ್ಷ ಅದರತ್ತ ಯಾರೂ ತಿರುಗಿ ನೋಡಿರಲಿಲ್ಲ.

ಸುರಂಗದ ಮಗ್ಗುಲಿನ ಚೀಲಗಳಲ್ಲಿ ಕಾದಿರುವುದು ಕ್ಯಾಲ್ಸಿಯಂ. ಹೃದಯ ಬಡಿಯಲು ಕ್ಯಾಲ್ಸಿಯಂ ಬೇಕೆಂಬುದು ಸಿಡ್ನಿ ರಿಂಗರ್ ಅವರಿಗೆ ಆಕಸ್ಮಿಕವಾಗಿ ಹೊಳೆದದ್ದು. ಬಟ್ಟಿ ಇಳಿಸಿದ ನೀರೆಂದು ಅವರು ನಂಬಿದ್ದ ನೀರು ಲಂಡನ್ನಿನ ನಲ್ಲಿ ನೀರಾಗಿತ್ತು, ಶುದ್ಧ ನೀರಿಗೆ ಬದಲಾಯಿಸಿದರೆ ಕಪ್ಪೆಯ ಹೃದಯ ಸೋತಿತು. 1883ರಲ್ಲಿ ಅವರು ತಮ್ಮ ಹಿಂದಿನ ಬರಹವನ್ನು ತಿದ್ದಿ ಬರೆದರು. ಆದರೂ ಸ್ನಾಯುವಿನ ಗುಂಡಿ ಒತ್ತುವುದು ಕ್ಯಾಲ್ಸಿಯಮ್ಮೇ ಎಂದು ಟೋಕಿಯೋದ ಸೆತ್ಸುರೋ ಎಬಾಶಿ 1950ರ ದಶಕದ ಕೊನೆಯಲ್ಲಿ ಹೇಳಿದಾಗ ಜೀವರಸಾಯನಶಾಸ್ತ್ರದವರು ಹಲವರು ನಂಬಲಿಲ್ಲ. ನಂಬದಿರಲು ಕಾರಣವೂ ಇತ್ತು. ಎಬ್ಬಿಸಲು ಬೇಕಾದ ಕ್ಯಾಲ್ಸಿಯಂ ಎಷ್ಟು ಅಲ್ಪವೆಂದರೆ, ಗಾಜಿನ ಪಾತ್ರೆಗಳಿಂದಲೂ ನೀರಿನಿಂದಲೂ ಗೊತ್ತಿಲ್ಲದೆ ಅಷ್ಟು ಬೆರೆತುಬಿಡುತ್ತಿತ್ತು. ಕ್ಯಾಲ್ಸಿಯಂ ಹಿಡಿದಿಡುವ ವಸ್ತುಗಳನ್ನು ಬಳಸಿ ಎಬಾಶಿ ಮತ್ತು ಅಮೆರಿಕದಲ್ಲಿ ಅನ್ನೆಮೇರಿ ವೆಬರ್ ಈ ಮಬ್ಬನ್ನು ಕಳೆದರು. 1960ರ ದಶಕದ ನಡುವೆ ಎಬಾಶಿಯವರ ಗುಂಪು ಆಕ್ಟಿನ್ ಎಳೆಯ ಮೇಲೆ ಕೂತು ಕ್ಯಾಲ್ಸಿಯಂಗಾಗಿ ಕಾಯುವ ಟ್ರೋಪೋನಿನ್ ಪ್ರೋಟೀನನ್ನು ಬೇರ್ಪಡಿಸಿತು. ಕ್ಯಾಲ್ಸಿಯಂ ಬಂದು ಕೂತರೆ ಟ್ರೋಪೋನಿನ್ ಅಡ್ಡಿಯನ್ನು ಸರಿಸುತ್ತದೆ, ಮಯೋಸಿನ್ ಆಕ್ಟಿನ್ನನ್ನು ಹಿಡಿದು ಎಳೆಯುತ್ತದೆ. ಕ್ಯಾಲ್ಸಿಯಮ್ಮನ್ನು ಮತ್ತೆ ಚೀಲಕ್ಕೆ ತುಂಬಿಸಿದರೆ ಸ್ನಾಯು ಸಡಿಲ.

ಲ್ಯಾಂಗ್ಲಿ ಊಹಿಸಿದ್ದ ಸಂಧಿಯ ಗ್ರಾಹಕವನ್ನು ಕೈಗೆ ಸಿಗುವಂತೆ ಮಾಡಿದ್ದು ಮತ್ತೆ ಒಂದು ವಿಷವೇ. 1963ರಲ್ಲಿ ತೈಪೆಯ ಚಾಂಗ್ ಮತ್ತು ಲೀ ಆ ಕಡೆಯ ಪಟ್ಟೆ ಕಟ್ಟುಹಾವಿನ ವಿಷದಿಂದ ಆಲ್ಫಾ-ಬಂಗಾರೋಟಾಕ್ಸಿನ್ ಬೇರ್ಪಡಿಸಿದರು. ಅದು ಅಸಿಟೈಲ್‌ಕೋಲಿನ್ ಗ್ರಾಹಕಕ್ಕೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ. ಅದರ ದಾಯಾದಿಯಾದ ನಮ್ಮ ಕಟ್ಟುಹಾವು ಹೊಲದ ಮನೆಗಳಲ್ಲಿ ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ. ನೋವೇ ಹೆಚ್ಚಿರುವುದಿಲ್ಲ, ಬೆಳಗಾಗುವಷ್ಟರಲ್ಲಿ ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರಿಗೆ ಕುತ್ತು. ನಾಗರಹಾವಿನ ವಿಷ ಹೆಚ್ಚಾಗಿ ಗ್ರಾಹಕವನ್ನೇ ಮುಚ್ಚುವುದರಿಂದ, ಪ್ರತಿವಿಷದ ಜೊತೆಗೆ ಎಸೆರಿನ್ನಿನ ತಮ್ಮನಂಥ ನಿಯೋಸ್ಟಿಗ್ಮಿನ್ ಕೊಟ್ಟರೆ ನೆರವಾಗಬಹುದು. ಕಟ್ಟುಹಾವಿನ ವಿಷ ನರದ ತುದಿಯನ್ನೂ ಹಾಳುಮಾಡುವುದರಿಂದ ಅಲ್ಲಿ ಅದು ಅಷ್ಟಾಗಿ ನಡೆಯದು. ಹೊಸ ತುದಿ ಬೆಳೆಯುವ ತನಕ ವೆಂಟಿಲೇಟರೇ ಗತಿ.

1973ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರೋಮ್ ವಿದ್ಯುತ್ ಹಾವುಮೀನಿನಿಂದ ತೆಗೆದ ಈ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದರು. ಅದರ ವಿರುದ್ಧ ಪ್ರತಿಕಾಯಗಳು ಬೆಳೆಯಲಿ ಎಂಬುದಷ್ಟೇ ಅವರ ಉದ್ದೇಶ. ಮೊಲಗಳು ಕಾಲು ಚಾಚಿ ನೆಲಕ್ಕೆ ಬಿದ್ದವು. ಕಿಣ್ವ ತಡೆಯುವ ಮದ್ದು ಕೊಟ್ಟಾಗ ಎದ್ದವು. ಮೊಲಕ್ಕೆ ಬಂದಿದ್ದು ಮಯಸ್ತೀನಿಯಾ. ಅದೇ ವರ್ಷ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವಿಕಿರಣದ ಗುರುತು ಹಾಕಿದ ಹಾವಿನ ವಿಷದಿಂದ ಎಣಿಸಿದಾಗ, ರೋಗಿಗಳ ಸ್ನಾಯುವಿನಲ್ಲಿ ಗ್ರಾಹಕಗಳೇ ಕಡಿಮೆ ಇದ್ದದ್ದು ಕಂಡಿತು. ದೇಹ ತನ್ನ ಗ್ರಾಹಕಗಳ ಮೇಲೆ ತಾನೇ ದಾಳಿ ಮಾಡುತ್ತಿತ್ತು. ಮೇರಿ ವಾಕರ್ ಗ್ರೀನಿಚ್‌ನಲ್ಲಿ ಕಂಡದ್ದಕ್ಕೆ ಕಾರಣ ಸಿಕ್ಕಾಗ ಅವರಿನ್ನೂ ಬದುಕಿದ್ದರು. ಮೂರು ವರ್ಷದ ಮೇಲೆ ಲಿಂಡ್‌ಸ್ಟ್ರೋಮ್ ಮತ್ತು ಜೊತೆಗಾರರು ರೋಗಿಯ ರಕ್ತದಲ್ಲೇ ಈ ಪ್ರತಿಕಾಯಗಳನ್ನು ಅಳೆಯುವ ಪರೀಕ್ಷೆ ರೂಪಿಸಿದರು. ರೆಪ್ಪೆ ಜೋತು ಬಂದವರಿಗೆ ನರರೋಗ ತಜ್ಞರು ಇವತ್ತಿಗೂ ಬರೆದುಕೊಡುವ ಪರೀಕ್ಷೆ ಅದು, ಮತ್ತು ಅದರ ಹಳೆಯ ವಿಧಾನದಲ್ಲಿ ಗ್ರಾಹಕಕ್ಕೆ ಗುರುತು ಹಾಕಲು ಬಳಸುವುದು ತೈಪೆಯ ಅದೇ ಹಾವಿನ ವಿಷ.